ತಲೆ ಗಟ್ಟಿಯೆಂಬ ಮಾತು

‘ತಲೆ ಗಟ್ಟಿ ಇದೆಯೆಂದು ಬಂಡೆ ಹಾಯಬೇಡ’ ಎಂಬ ಗಾದೆಯನ್ನು ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎತ್ತ ತಿರುಗಿದರೂ ಬಂಡೆಗಳೇ. ಆದರೂ ಆಟದ ಬಯಲಿನಲ್ಲಿ ಆ ಗಾದೆಯನ್ನು ಮರೆತವಳು ನಾನೇ.

ಮೊಳಕಾಲ್ಮೂರು ತಾಲ್ಲೂಕಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಚಳ್ಳಕೆರೆಯಲ್ಲಿ ಕ್ರೀಡಾಕೂಟ. ಹುಡುಗಿಯರ ಕಬಡ್ಡಿ ತಂಡದೊಂದಿಗೆ ಶಿಕ್ಷಕಿಯೊಬ್ಬರು ಇರಬೇಕೆಂದು ನನ್ನನ್ನು ಕಳಿಸಿದ್ದರು. ರೈಡಿಗೆ ಹೋದ ಎಂಟನೆಯ ತರಗತಿಯ ಹುಡುಗಿಯನ್ನು ನಾಲ್ವರು ಹಿಡಿದು ಕೆಡವಿದರು. ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ರಕ್ತವಿಲ್ಲ, ಗಾಯವಿಲ್ಲ. ಮುಖಕ್ಕೆ ನೀರು ಚಿಮುಕಿಸಿ, ಗೋಲಿಸೋಡಾ ಕುಡಿಸಿ, ‘ಏನೂ ಆಗಿಲ್ಲ, ಏಳಮ್ಮ’ ಎಂದು ಮತ್ತೆ ಆಟಕ್ಕೆ ಕಳಿಸಿದೆ. ಗೆದ್ದೆವು.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ‘ಮಿಸ್, ನಾವು ಗೆದ್ವಾ?’ ಎಂದು ಐದಾರು ಸಲ ಕೇಳಿದಳು. ಎಲ್ಲರೂ ನಕ್ಕೆವು. ಕಿಟಕಿಯಾಚೆ ವಾಂತಿ ಮಾಡಿದಾಗ, ಬಸ್ಸು ಆಗದವಳು ಎಂದುಕೊಂಡೆ. ಮುಂದೆ ಒಂದು ತಿಂಗಳು ತಲೆನೋವು. ಬೋರ್ಡು ನೋಡಿದರೆ ಕಣ್ಣು ಮುಚ್ಚುತ್ತಿದ್ದಳು. ಓದು ತಪ್ಪಿಸುವ ನೆಪವೆಂದು ಬೈದೆ. ದೇವರು ದೊಡ್ಡವನು, ಹುಡುಗಿ ಚೇತರಿಸಿಕೊಂಡಳು.

ಆ ಪೆಟ್ಟಿಗೆ ಕನ್ಕಷನ್ ಎಂಬ ಹೆಸರಿದೆಯೆಂದು ತಿಳಿದದ್ದು ಬಹಳ ತಡವಾಗಿ. ಬುರುಡೆಯೊಳಗೆ ಮಿದುಳು ಕುಲುಕಿ, ಸ್ವಲ್ಪ ಕಾಲ ಅದರ ಕೆಲಸ ಏರುಪೇರಾಗುತ್ತದೆ. ಹೊರಗೆ ಗಾಯ ಕಾಣಬೇಕೆಂದಿಲ್ಲ. ಸ್ಕ್ಯಾನಿಂಗ್‌ನಲ್ಲೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಹತ್ತನೆಯ ಶತಮಾನದ ಹೊತ್ತಿಗೇ ಪರ್ಷಿಯಾದ ವೈದ್ಯ ಅಲ್ ರಾಝಿ ಇದನ್ನು ಮಿದುಳಿನ ಗಾಯದಿಂದ ಬೇರ್ಪಡಿಸಿ ಗುರುತಿಸಿದ್ದರಂತೆ. 1928ರಲ್ಲಿ ಅಮೆರಿಕದ ಡಾ. ಹ್ಯಾರಿಸನ್ ಮಾರ್ಟ್‌ಲ್ಯಾಂಡ್, ಪೆಟ್ಟು ತಿಂದು ತಿಂದು ಕುಡಿದವರಂತೆ ತೂರಾಡುವ ಬಾಕ್ಸರುಗಳ ಬಗ್ಗೆ ಬರೆದರು. 2002ರಲ್ಲಿ ನೈಜೀರಿಯಾ ಮೂಲದ ಡಾ. ಬೆನೆಟ್ ಒಮಾಲು, ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ತೀರಿಕೊಂಡ ಮೇಲೆ ಅವರ ಮಿದುಳನ್ನು ಪರೀಕ್ಷಿಸಿ, ಪದೇ ಪದೇ ಬಿದ್ದ ಪೆಟ್ಟುಗಳ ಹಾನಿಯನ್ನು ಕಂಡರು. ಒಬ್ಬ ಶಾಲಾ ಬಾಲಕನನ್ನು ಪೆಟ್ಟಾದ ಮೇಲೂ ಆಡಿಸಿ ಆದ ಅನಾಹುತದಿಂದ, 2009ರಲ್ಲಿ ಅಲ್ಲಿನ ವಾಷಿಂಗ್ಟನ್ ರಾಜ್ಯ ಕಾನೂನನ್ನೇ ಮಾಡಿತು: ವೈದ್ಯಕೀಯ ತರಬೇತಿ ಪಡೆದವರು ಬರೆದುಕೊಡದೆ ಮಗು ಮತ್ತೆ ಆಡುವಂತಿಲ್ಲ. ಅದನ್ನು ಓದಿದ ದಿನ ನನಗೆ ಗೋಲಿಸೋಡಾ ನೆನಪಾಗಿ ಎದೆ ಝಲ್ಲೆಂದಿತು.

ನಮ್ಮವರ ಕಥೆಯೂ ಇದೆ. 1998ರಲ್ಲಿ ಢಾಕಾದಲ್ಲಿ ಚೆಂಡು ತಲೆಗೆ ಬಡಿದಾಗ ಕ್ರಿಕೆಟಿಗ ರಮಣ್ ಲಾಂಬಾ ತಾವೇ ನಡೆದು ಹೊರಬಂದರು. ಆದರೆ ಒಳಗೆ ರಕ್ತಸ್ರಾವವಾಗಿತ್ತು, ಮೂರು ದಿನಗಳಲ್ಲಿ ತೀರಿಕೊಂಡರು. 2021ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ಅಭ್ಯಾಸದ ವೇಳೆ ನಮ್ಮ ಬೆಂಗಳೂರಿನ ಮಯಾಂಕ್ ಅಗರ್‌ವಾಲ್ ಅವರ ಹೆಲ್ಮೆಟ್ಟಿಗೆ ಚೆಂಡು ತಾಗಿತು. ಅವರನ್ನು ಆ ಟೆಸ್ಟಿನಿಂದಲೇ ಹೊರಗಿಟ್ಟರು; ಬದಲಿಗೆ ಆರಂಭಿಕನಾಗಿ ಇಳಿದ ಕೆ.ಎಲ್. ರಾಹುಲ್ 84 ರನ್ ಹೊಡೆದರು. ಎರಡು ಘಟನೆಗಳ ನಡುವೆ ಲೋಕ ಕಲಿತ ಪಾಠ ದೊಡ್ಡದು. ಆದರೆ ಎಲ್ಲ ಕಡೆಗೂ ಅದು ತಲುಪಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಪೆಟ್ಟು ತಿಂದು ಬಿದ್ದ ಮೈಸೂರಿನ ಯುವಕ ಮತ್ತೆ ಏಳಲೇ ಇಲ್ಲ.

ಹಳ್ಳಿ ಶಾಲೆಗೆ ದೊಡ್ಡ ಯಂತ್ರ ಬೇಕಾಗಿಲ್ಲ, ಎಚ್ಚರ ಸಾಕು. ತಲೆಗೆ ಪೆಟ್ಟು ಬಿದ್ದು ಮಂಕಾದ ಮಗು ಆ ದಿನ ಆಡಬಾರದು. ವೈದ್ಯರಿಗೆ ತೋರಿಸಬೇಕು, ಒಂಟಿಯಾಗಿ ಬಿಡಬಾರದು. ವಾಂತಿ ನಿಲ್ಲದಿದ್ದರೆ, ತಲೆನೋವು ಏರುತ್ತಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಕೂಡಲೇ ದೊಡ್ಡಾಸ್ಪತ್ರೆ. ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲು ಕಡಿಮೆ. ಆಮೇಲೆ ಮೆಲ್ಲಗೆ ನಡಿಗೆ, ಓದು. ವೈದ್ಯರು ಒಪ್ಪಿದ ಮೇಲೆ ಕೊನೆಗೆ ಆಟ. ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿಸುವುದೂ ಸರಿಯಲ್ಲವೆಂದು ಈಗಿನ ವೈದ್ಯರ ಮಾತು.

ಈಚೆಗೆ ಚಳ್ಳಕೆರೆಯ ಸಂತೆಯಲ್ಲಿ ಆ ಹುಡುಗಿ ಸಿಕ್ಕಳು. ಅವಳ ಮಗಳೂ ಕಬಡ್ಡಿ ಆಡುತ್ತಾಳಂತೆ. ಈ ಮಾತುಗಳನ್ನೆಲ್ಲ ಹೇಳಿ, ‘ಅವತ್ತು ನಿನ್ನನ್ನು ಆಡಿಸಬಾರದಿತ್ತು, ತಪ್ಪಾಯಿತಮ್ಮ’ ಎಂದೆ. ಅವಳು ನನ್ನ ಕೈಹಿಡಿದು ನಕ್ಕಳು: ‘ಅಯ್ಯೋ ಬಿಡಿ ಮಿಸ್, ನಂಗೆ ಆ ಆಟಾನೇ ನೆನಪಿಲ್ಲ. ನಾವು ಗೆದ್ವಾ?’

ಈ ಸಲ ನನಗೆ ನಗು ಬರಲಿಲ್ಲ.