ಆಟಕ್ಕುಂಟು, ಲೆಕ್ಕಕ್ಕಿಲ್ಲ: ಗಿಟಾರಿನಿಂದ ಬೇಸ್ ಹೊರಡಿಸಿದ ಪೆಟ್ಟಿಗೆಯ ಚರಿತ್ರೆ

ಬೇಸ್ ಗಿಟಾರಿನ ಚರಿತ್ರೆಯಲ್ಲಿ ಅಮೆರಿಕದ ಡೆಟ್ರಾಯ್ಟ್ ನಗರ ಎರಡು ಸಲ ಎದುರಾಗುತ್ತದೆ. 1960ರ ದಶಕದಲ್ಲಿ ಅಲ್ಲಿನ ಮೋಟೌನ್ ಸಂಸ್ಥೆಯ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಎಂಬ ವಾದಕರು ಒಂದಾದ ಮೇಲೊಂದು ಜನಪ್ರಿಯ ಹಾಡಿಗೆ ಬೇಸ್ ನುಡಿಸಿದರು. ಜಗತ್ತು ಆ ಹಾಡುಗಳಿಗೆ ಕುಣಿಯಿತು. ಗ್ರಾಮಫೋನ್ ತಟ್ಟೆಗಳ ಹೊದಿಕೆಯ ಮೇಲೆ ಹಾಡಿದವರ ಹೆಸರಿತ್ತು, ಜೇಮರ್ಸನ್ ಹೆಸರಿರಲಿಲ್ಲ. ಮೋಟೌನಿನ ಹಿನ್ನೆಲೆ ವಾದಕರ ಹೆಸರುಗಳು ಮುದ್ರಣ ಕಾಣಲು 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂ ಬರಬೇಕಾಯಿತು. ಅದಾಗಿ ಮೂವತ್ತು ವರ್ಷಗಳ ಮೇಲೆ ಅದೇ ಊರಿನ ‘ದ ವೈಟ್ ಸ್ಟ್ರೈಪ್ಸ್’ ತಂಡ ಬೇಸ್ ವಾದಕರೇ ಇಲ್ಲದೆ ಲೋಕಪ್ರಸಿದ್ಧವಾಯಿತು. ಗಿಟಾರಿಗೆ ಜಾಕ್ ವೈಟ್, ಡ್ರಮ್ಸಿಗೆ ಮೆಗ್ ವೈಟ್, ಇಬ್ಬರೇ. ಅವರ ಅತಿ ಪ್ರಸಿದ್ಧ ಹಾಡಿನಲ್ಲಿ ಕೇಳಿಸುವ ಬೇಸ್ ಬಂದದ್ದು ಗಿಟಾರಿನಿಂದ, ಕಾಲ ಬುಡದಲ್ಲಿದ್ದ ಒಂದು ಪೆಟ್ಟಿಗೆಯ ಮೂಲಕ.

ಮಕ್ಕಳ ಆಟಕ್ಕೆ ತೀರಾ ಚಿಕ್ಕವರನ್ನು ಸೇರಿಸಿಕೊಳ್ಳುವಾಗ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುತ್ತೇವಲ್ಲ, ಜನಪ್ರಿಯ ಸಂಗೀತದಲ್ಲಿ ಬೇಸ್ ವಾದಕರ ಸ್ಥಾನ ಬಹುಕಾಲ ಹಾಗೇ ಇತ್ತು. ಅವರಿಲ್ಲದಿದ್ದರೆ ಹಾಡು ನಿಲ್ಲುವುದಿಲ್ಲ, ಆದರೆ ಹೆಸರು ಹೇಳುವವರಿಲ್ಲ. ಅವರ ಜಾಗಕ್ಕೆ ಬಂದು ಕೂತದ್ದು ಎಂಬ ಆಪಾದನೆ ಹೊತ್ತಿರುವ ಆಕ್ಟೇವ್ ಪೆಡಲ್ ಮಾಡುವುದೋ, ಬರೀ ಲೆಕ್ಕ. ಅದಕ್ಕೆ ಸ್ವರ ಗೊತ್ತಿಲ್ಲ, ತಾಳ ಗೊತ್ತಿಲ್ಲ. ಎರಡರವರೆಗೆ ಎಣಿಸುವುದು ಮಾತ್ರ ಗೊತ್ತು.

ಗಿಟಾರಿನ ಅತಿ ದಪ್ಪ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್ ಗಿಟಾರಿನಲ್ಲಿ ಅದೇ ಸ್ವರದ ತಂತಿ ಸುಮಾರು 41 ಸಲ ಕಂಪಿಸುತ್ತದೆ. ಸರಿಯಾಗಿ ಅರ್ಧ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಒಂದು ಸ್ಥಾಯಿಯ ಅಂತರ, ಮಧ್ಯ ಷಡ್ಜದಿಂದ ಮಂದ್ರ ಷಡ್ಜಕ್ಕೆ ಇಳಿದ ಹಾಗೆ. ಗಿಟಾರಿನ ತಂತಿಯನ್ನೇ ಅಷ್ಟು ಸಡಿಲಿಸಿದರೆ ಅದು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದು ಫ್ರೆಟ್ಟುಗಳಿಗೆ ಬಡಿಯುತ್ತದೆ. ತಗ್ಗಿನ ಸ್ವರಕ್ಕೆ ಉದ್ದವೂ ದಪ್ಪವೂ ಬೇಕು. ಅದಕ್ಕೇ ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸಿನ ತಂತಿಯ ಉದ್ದ 34 ಇಂಚು, ಅವರದೇ ಗಿಟಾರಿನದು 25.5 ಇಂಚು. ಆ ಪ್ರಿಸಿಷನ್ ಬೇಸ್ ಕೂಡ ಇನ್ನೊಂದು ವಾದ್ಯವನ್ನು ಮೂಲೆಗೆ ಸರಿಸಿಯೇ ಬಂದದ್ದು. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವ ಕಷ್ಟ ಅದರಿಂದ ತಪ್ಪಿತು. ಗಿಟಾರ್ ನುಡಿಸಬಲ್ಲವರು ಹೆಚ್ಚು ಶ್ರಮವಿಲ್ಲದೆ ಬೇಸಿಗೆ ಬರಬಹುದಾಯಿತು. ಜೇಮರ್ಸನ್ ಸ್ವತಃ ಡಬಲ್ ಬೇಸಿನಿಂದ ಫೆಂಡರಿಗೆ ಬಂದವರು.

ಸ್ವರವನ್ನು ಅರ್ಧ ಮಾಡುವ ವಿದ್ಯೆ ಸಂಗೀತಗಾರರ ಕೋಣೆಯಲ್ಲಿ ಹುಟ್ಟಿದ್ದಲ್ಲ. 1918ರಲ್ಲಿ ಬ್ರಿಟನ್ನಿನ ವಿಲಿಯಂ ಎಕಲ್ಸ್ ಮತ್ತು ಎಫ್. ಡಬ್ಲ್ಯು. ಜೋರ್ಡನ್ ಎರಡು ವಾಲ್ವುಗಳನ್ನು ಪರಸ್ಪರ ಹೆಣೆದ ಒಂದು ಸರ್ಕ್ಯೂಟಿಗೆ ಪೇಟೆಂಟ್ ಕೋರಿದರು. ಅದಕ್ಕಿರುವುದು ಎರಡೇ ಸ್ಥಿತಿ. ಒಮ್ಮೆ ತಟ್ಟಿದರೆ ಮಗ್ಗುಲು ಬದಲಿಸುತ್ತದೆ, ಮತ್ತೊಮ್ಮೆ ತಟ್ಟಿದರೆ ಹಳೆಯ ಮಗ್ಗುಲಿಗೆ ಮರಳುತ್ತದೆ. ಮುಂದೆ ಫ್ಲಿಪ್-ಫ್ಲಾಪ್ ಎಂದು ಹೆಸರಾದದ್ದು ಇದೇ. ಎರಡು ತಟ್ಟಿಗೆ ಒಂದು ಸುತ್ತು ಮುಗಿಯುವುದರಿಂದ 82 ಕಂಪನ ಒಳಗೆ ಹೋದರೆ 41 ಹೊರಗೆ ಬರುತ್ತದೆ. ಅದರ ಬೆನ್ನಿಗೆ ಇನ್ನೊಂದನ್ನು ಜೋಡಿಸಿದರೆ ಮತ್ತೂ ಅರ್ಧ. ಕಂಪ್ಯೂಟರುಗಳು ಎಣಿಸಲು ಕಲಿತದ್ದು ಇದೇ ಸರ್ಕ್ಯೂಟಿನ ವಂಶದಿಂದ.

ಸಂಗೀತ ವಾದ್ಯಗಳಿಗೂ ಅರ್ಧ ಮಾಡುವ ಈ ಉಪಾಯ ಬೇಗ ಬಂತು. ಹ್ಯಾಮಂಡ್ ಕಂಪನಿ 1939ರಲ್ಲಿ ಮಾರುಕಟ್ಟೆಗೆ ತಂದ ನೋವಾಕಾರ್ಡ್ ಎಂಬ ಕೀಲಿಮಣೆ ವಾದ್ಯದಲ್ಲಿ 163 ವಾಲ್ವುಗಳಿದ್ದವು. ಅತಿ ಮೇಲಿನ ಸ್ಥಾಯಿಯ 12 ಸ್ವರಗಳನ್ನು ಮಾತ್ರ ಅದು ನೇರವಾಗಿ ಹುಟ್ಟಿಸುತ್ತಿತ್ತು. ಕೆಳಗಿನ ಸ್ಥಾಯಿಗಳೆಲ್ಲ ಅವುಗಳನ್ನು ಅರ್ಧ ಮಾಡುತ್ತಾ, ಅರ್ಧದ ಅರ್ಧ ಮಾಡುತ್ತಾ ಸಿಕ್ಕವು. ಇಲ್ಲಿ ಎಣಿಕೆ ಸುಲಭ, ಏಕೆಂದರೆ ಎಣಿಸಬೇಕಾದ ಕಂಪನವೂ ಯಂತ್ರದ್ದೇ. ಮನುಷ್ಯ ಮೀಟಿದ, ಊದಿದ ಸ್ವರವನ್ನು ಎಣಿಸುವುದು ಬೇರೆ ಮಾತು.

ಈ ಕೆಲಸ ಗಿಟಾರಿಗಿಂತ ಮೊದಲು ಸ್ಯಾಕ್ಸೊಫೋನಿನಲ್ಲಿ ಚೆನ್ನಾಗಿ ನಡೆಯಿತು. 1960ರ ದಶಕದ ನಡುವಿನಲ್ಲಿ ಸೆಲ್ಮರ್ ಕಂಪನಿ ‘ವ್ಯಾರಿಟೋನ್’ ಎಂಬ ಉಪಕರಣ ತಂದಿತು. ವಾದ್ಯದ ಕತ್ತಿನಲ್ಲಿ ಪುಟ್ಟ ಮೈಕ್ ಕೂರಿಸಿ, ಊದಿದ ಸ್ವರದ ಜೊತೆಗೆ ಒಂದು ಸ್ಥಾಯಿ ಕೆಳಗಿನ ಸ್ವರವನ್ನೂ ಅದು ಕೇಳಿಸುತ್ತಿತ್ತು. ಸನ್ನಿ ಸ್ಟಿಟ್, ಎಡ್ಡಿ ಹ್ಯಾರಿಸ್ ಅವರಂಥ ಜಾಝ್ ವಾದಕರು ಅದನ್ನು ಬಳಸಿದರು. ಸ್ಯಾಕ್ಸೊಫೋನ್ ಒಂದು ಹೊತ್ತಿಗೆ ಒಂದೇ ಸ್ವರ ಹೊರಡಿಸುವ ವಾದ್ಯ, ಹಾಗಾಗಿ ಎರಡರವರೆಗೆ ಮಾತ್ರ ಎಣಿಸಬಲ್ಲ ಯಂತ್ರಕ್ಕೆ ಹೇಳಿ ಮಾಡಿಸಿದ ಜೋಡಿ. ಗಿಟಾರಿಗೆ ಆರು ತಂತಿ. ಎರಡು ತಂತಿ ಒಟ್ಟಿಗೆ ನುಡಿದರೆ ಯಾವುದರ ಕಂಪನ ಎಣಿಸಬೇಕೆಂದು ತಿಳಿಯದೆ ಪೆಟ್ಟಿಗೆ ತಡವರಿಸುತ್ತದೆ, ಗೊರಗೊರ ಎನ್ನುತ್ತದೆ.

ಮೇಲಿನ ಸ್ಥಾಯಿಗೆ ಹತ್ತುವುದು ಗಿಟಾರಿಗೆ ಇದಕ್ಕಿಂತ ಸುಲಭವಾಗಿತ್ತು. 1967ರ ‘ಪರ್ಪಲ್ ಹೇಝ್’ ಹಾಡಿನಲ್ಲಿ ಜಿಮಿ ಹೆಂಡ್ರಿಕ್ಸ್ ಬಳಸಿದ ಆಕ್ಟೇವಿಯಾವನ್ನು ರೂಪಿಸಿದವರು ರೋಜರ್ ಮೇಯರ್. ಅದರಲ್ಲಿ ಎಣಿಕೆಯಿಲ್ಲ. ಅಲೆಯ ಕೆಳಭಾಗವನ್ನು ಮೇಲಕ್ಕೆ ಮಡಚಿದರೆ ಒಂದು ಅಲೆಯ ಜಾಗದಲ್ಲಿ ಎರಡು ಉಬ್ಬು ಕಾಣಿಸಿಕೊಳ್ಳುತ್ತವೆ, ಸ್ವರ ಇಮ್ಮಡಿಯಾಗುತ್ತದೆ. ಇಳಿಯುವುದಕ್ಕೆ ಹಾಗಲ್ಲ. ಈಗಷ್ಟೇ ಕಳೆದ ಕಂಪನ ಮೊದಲನೆಯದೋ ಎರಡನೆಯದೋ ಎಂಬ ನೆನಪು ಬೇಕು.

ಆ ನೆನಪು ಅಂಗೈಯಗಲದ, ಕೈಗೆಟುಕುವ ಪೆಟ್ಟಿಗೆಯಾಗಿ ಜಗತ್ತಿಗೆಲ್ಲ ಹಬ್ಬಿದ್ದು 1982ರಲ್ಲಿ ಜಪಾನಿನ ಬಾಸ್ ಕಂಪನಿ ತಂದ ಓಸಿ-2 ಪೆಡಲಿನಿಂದ. ಕಂದು ಬಣ್ಣ, ಮೂರು ಗುಂಡಿ. ಒಂದು ಗುಂಡಿಯಲ್ಲಿ ಒಂದು ಸ್ಥಾಯಿ ಕೆಳಗಿನ ಸ್ವರ, ಇನ್ನೊಂದರಲ್ಲಿ ಎರಡು ಸ್ಥಾಯಿ ಕೆಳಗಿನದು, ಮೂರನೆಯದರಲ್ಲಿ ಮೂಲ ಸ್ವರ. ಮೂಲ ಸ್ವರವನ್ನು ಪೂರ್ತಿ ಇಳಿಸಿ ಮೊದಲ ಗುಂಡಿಯನ್ನು ಏರಿಸಿದರೆ ಗಿಟಾರ್ ಬೇಸಾಗುತ್ತದೆ. ಅದೇ 1982ರಲ್ಲಿ ಬ್ರಿಟನ್ನಿನ ಸಂಗೀತಗಾರರ ಸಂಘದ ಲಂಡನ್ ಶಾಖೆಯೊಂದು ಸಿಂಥಸೈಜರುಗಳನ್ನೂ ಡ್ರಮ್ ಯಂತ್ರಗಳನ್ನೂ ನಿಷೇಧಿಸಬೇಕೆಂದು ಗೊತ್ತುವಳಿ ಮಾಡಿತ್ತು. ಯಂತ್ರ ಬಂದರೆ ವಾದಕರ ಅನ್ನ ಹೋಗುತ್ತದೆ ಎಂಬುದು ಅವರ ಆತಂಕ. ಅದನ್ನು ನಕ್ಕು ತಳ್ಳಿಹಾಕುವಂತಿಲ್ಲ. ಸಂಜೆಯ ಕಾರ್ಯಕ್ರಮವೊಂದಕ್ಕೆ ಸಿಗುವ ಸಂಭಾವನೆಯನ್ನು ನಾಲ್ವರ ಬದಲು ಮೂವರು ಹಂಚಿಕೊಳ್ಳುವುದಾದರೆ ಹೊರಗುಳಿಯುವ ಆ ನಾಲ್ಕನೆಯವರು ಯಾರು ಎಂಬುದು ನಿಜವಾದ ಪ್ರಶ್ನೆ.

ಆದರೆ ಓಸಿ-2 ಮೊದಲು ಹೆಸರು ಮಾಡಿದ್ದು ಒಬ್ಬ ಬೇಸ್ ವಾದಕರ ಕಾಲ ಕೆಳಗೆ. 1983ರಲ್ಲಿ ಪಾಲ್ ಯಂಗ್ ಹಾಡಿದ ‘ವೇರೆವರ್ ಐ ಲೇ ಮೈ ಹ್ಯಾಟ್’ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದರಲ್ಲಿ ವೇಲ್ಸಿನ ಪೀನೋ ಪಲ್ಲಾಡೀನೋ ಫ್ರೆಟ್ಟಿಲ್ಲದ ಬೇಸನ್ನು ಈ ಪೆಡಲಿನ ಮೂಲಕ ನುಡಿಸಿದ್ದರು. ಬೇಸಿನ ಕೆಳಗೆ ಮತ್ತೊಂದು ಬೇಸ್! ಹಾಡು ಮೂಲದಲ್ಲಿ ಮಾರ್ವಿನ್ ಗೇ ಅವರದು, ಮೋಟೌನಿನದು. ಅದು ಪಟ್ಟಿಯ ತುದಿಯಲ್ಲಿದ್ದ ಆ ಬೇಸಿಗೆಯಲ್ಲೇ, ಆಗಸ್ಟ್ ತಿಂಗಳಲ್ಲಿ, ಜೇಮರ್ಸನ್ ತೀರಿಕೊಂಡರು.

ಗಿಟಾರ್ ವಾದಕರ ಕೈಯಲ್ಲಿ ಈ ಅಗ್ಗದ ಪೆಟ್ಟಿಗೆ ಏನು ಮಾಡಿತು ಎಂಬುದು ಅದರ ಬಳಕೆಯ ಕ್ರಮದಲ್ಲೇ ಗೊತ್ತಾಗುತ್ತದೆ. ಬೇರೆ ಪೆಡಲುಗಳಿದ್ದರೆ ಇದನ್ನು ಎಲ್ಲಕ್ಕಿಂತ ಮೊದಲು, ಗಿಟಾರಿನ ಪಕ್ಕದಲ್ಲೇ ಜೋಡಿಸಬೇಕು. ಕತ್ತಿನ ಕಡೆಯ ಪಿಕಪ್ ಆರಿಸಿ ಟೋನ್ ಗುಂಡಿಯನ್ನು ಇಳಿಸಬೇಕು. ತಂತಿಯ ಮೂಲ ಕಂಪನದೊಳಗೆ ಚಿಕ್ಕ ಚಿಕ್ಕ ಕಂಪನಗಳೂ ಬೆರೆತಿರುತ್ತವೆ, ಅವು ಮಂಕಾದಷ್ಟೂ ಎಣಿಕೆ ತಪ್ಪುವುದಿಲ್ಲ. ತೀರಾ ತಗ್ಗಿನ ಸ್ವರಗಳಲ್ಲಿ ಪೆಟ್ಟಿಗೆ ತೊದಲುವುದರಿಂದ ಕೈಯನ್ನು ಐದನೇ ಫ್ರೆಟ್ಟಿನಿಂದಾಚೆಗೆ ಒಯ್ಯುವುದು ಮೇಲು. ನುಡಿಸದ ತಂತಿಗಳನ್ನು ಅಂಗೈಯಿಂದ ಅದುಮಿ ಹಿಡಿಯಬೇಕು. ಒಂದು ಸ್ವರ ಮುಗಿದ ಮೇಲೇ ಇನ್ನೊಂದು. ಸಾಧಾರಣ ಗಿಟಾರ್ ಆಂಪ್ಲಿಫೈಯರಿನ ಸ್ಪೀಕರ್ 41 ಕಂಪನದ ಸ್ವರವನ್ನು ಸರಿಯಾಗಿ ಕೇಳಿಸಲಾರದು, ಬೇಸಿನ ಆಂಪ್ಲಿಫೈಯರ್ ಇದ್ದರೆ ಒಳ್ಳೆಯದು.

ಇವನ್ನೆಲ್ಲ ಒಟ್ಟಿಗೆ ನೋಡಿ. ಕಾರ್ಡ್ ಬೇಡ, ಸಾಲುಸಾಲು ಸ್ವರಗಳ ಓಟ ಬೇಡ, ಒಂದೊಂದು ಸ್ವರಕ್ಕೂ ಆರಂಭ, ಉದ್ದ, ಮುಕ್ತಾಯ ಬೇಕು. ಬೇಸ್ ಕಲಿಯುವವರು ಮೊದಲ ದಿನಗಳಲ್ಲಿ ರೂಢಿಸಿಕೊಳ್ಳುವ ಪಾಠವೇ ಇದು. ಪೆಟ್ಟಿಗೆಯ ಅಸಹಾಯಕತೆ ಗಿಟಾರ್ ವಾದಕರನ್ನು ಬೇಸ್ ವಾದಕರ ಜಾಗದಲ್ಲಿ ನಿಲ್ಲಿಸಿ, ಅಲ್ಲಿಂದ ಹಾಡು ಹೇಗೆ ಕೇಳಿಸುತ್ತದೆ ಎಂಬುದನ್ನು ತೋರಿಸಿತು. ಪೆಡಲು ಬೇಸಿನ ನಾದವನ್ನು ಕೊಟ್ಟಿತು. ಯಾವ ಸ್ವರ, ಯಾವ ಹೊತ್ತಿಗೆ, ಎಷ್ಟು ಉದ್ದ ಎಂಬ ನಿರ್ಧಾರವನ್ನು ನುಡಿಸುವವರಿಗೇ ಬಿಟ್ಟಿತು. ಜೇಮರ್ಸನ್ ಮಾಡುತ್ತಿದ್ದದ್ದು ಆ ನಿರ್ಧಾರವನ್ನೇ.

ಎಣಿಕೆಯ ಮಿತಿಯನ್ನು ದಾಟಲು ಬೇರೊಂದು ದಾರಿ ಅಷ್ಟರಲ್ಲಿ ತೆರೆದಿತ್ತು. 1975ರ ಹೊತ್ತಿಗೆ ಅಮೆರಿಕದ ಈವೆಂಟೈಡ್ ಕಂಪನಿಯ ಎಚ್910 ಯಂತ್ರ ಧ್ವನಿಯನ್ನು ಅಂಕಿಗಳಾಗಿ ತುಂಬಿಕೊಂಡು, ಬೇರೆ ವೇಗದಲ್ಲಿ ಓದಿ, ತುಣುಕುಗಳನ್ನು ಬೆಸೆದು ಸ್ವರ ಬದಲಿಸುತ್ತಿತ್ತು. ಅದು ಸ್ಟುಡಿಯೋಗಳ ಸೊತ್ತು. 1989ರಲ್ಲಿ ಡಿಜಿಟೆಕ್ ತಂದ ವ್ಯಾಮಿ ಪೆಡಲಿನಿಂದ ಈ ವಿದ್ಯೆ ವೇದಿಕೆಯ ನೆಲಕ್ಕೆ ಇಳಿಯಿತು. 2002ರಲ್ಲಿ ಲಂಡನ್ನಿನ ಟೋ ರ‍್ಯಾಗ್ ಸ್ಟುಡಿಯೋದಲ್ಲಿ ಜಾಕ್ ವೈಟ್ ‘ಸೆವೆನ್ ನೇಷನ್ ಆರ್ಮಿ’ಯ ಏಳು ಸ್ವರಗಳ ಆ ಸಾಲನ್ನು ನುಡಿಸಿದ್ದು ವ್ಯಾಮಿಯನ್ನು ಒಂದು ಸ್ಥಾಯಿ ಕೆಳಗಿಟ್ಟು. ಮರುವರ್ಷ ಬಂದ ‘ಎಲಿಫೆಂಟ್’ ಆಲ್ಬಮ್ಮಿನ ಹೊದಿಕೆಯಲ್ಲಿ, ಇದರ ತಯಾರಿಕೆಯ ಯಾವ ಹಂತದಲ್ಲೂ ಕಂಪ್ಯೂಟರ್ ಬಳಸಿಲ್ಲ ಎಂದು ತಂಡ ಹೇಳಿಕೊಂಡಿತ್ತು. ಸ್ವರವನ್ನು ಅಂಕಿಗಳಾಗಿಸುವ ಪೆಟ್ಟಿಗೆ ಕಾಲ ಕೆಳಗಿತ್ತು. ಆದರೆ ಅದನ್ನು ಯಾರೂ ಕಂಪ್ಯೂಟರಿನ ಲೆಕ್ಕಕ್ಕೆ ಹಿಡಿಯಲಿಲ್ಲ. ಅಷ್ಟರಮಟ್ಟಿಗೆ ಅದು ವಾದ್ಯವಾಗಿಬಿಟ್ಟಿತ್ತು. 2003ರ ಅಕ್ಟೋಬರಿನಲ್ಲಿ ಮಿಲಾನಿಗೆ ಹೋಗಿದ್ದ ಬೆಲ್ಜಿಯಂನ ಕ್ಲಬ್ ಬ್ರೂಗ್ ಫುಟ್ಬಾಲ್ ಅಭಿಮಾನಿಗಳು ಆ ಸಾಲನ್ನು ಬಾಯಲ್ಲೇ ಹಾಡಿದರು. 2006ರ ವಿಶ್ವಕಪ್ಪಿನಲ್ಲಿ ಇಟಲಿಯವರು ಅದನ್ನು ತಮ್ಮದಾಗಿಸಿಕೊಂಡರು. ಕ್ರೀಡಾಂಗಣಗಳು ಒಕ್ಕೊರಲಿನಿಂದ ಹಾಡಿದ್ದು ಒಂದು ಬೇಸ್ ಸಾಲನ್ನು.

ಅದರಾಚೆಗಿನದು ಅಗ್ಗವಾಗುತ್ತಾ ಹೋದ ಕಥೆ. ಬೆಹ್ರಿಂಗರ್ ಕಂಪನಿ ತನ್ನ ಕಡಿಮೆ ಬೆಲೆಯ ಪೆಡಲುಗಳಲ್ಲಿ ಬಾಸ್ ಪೆಡಲುಗಳ ರೂಪವನ್ನು ಅನುಕರಿಸಿದೆ ಎಂದು 2005ರಲ್ಲಿ ರೋಲ್ಯಾಂಡ್ ಸಂಸ್ಥೆ ಮೊಕದ್ದಮೆ ಹೂಡಿತು. ಮರುವರ್ಷ ರಾಜಿಯಾಯಿತು, ಹೊರರೂಪ ಬದಲಾಯಿತು, ಅಗ್ಗದ ಪೆಡಲು ಉಳಿಯಿತು. ಅದೇ 2005ರಲ್ಲಿ ಎಲೆಕ್ಟ್ರೋ-ಹಾರ್ಮೋನಿಕ್ಸ್ ತಂದ ಪಾಗ್ ಕಾರ್ಡುಗಳನ್ನೂ ತಡವರಿಸದೆ ಕೆಳಗಿಳಿಸಿತು. ಆ ಸಾಮರ್ಥ್ಯವೂ ಕ್ರಮೇಣ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪೆಟ್ಟಿಗೆಗಳಿಗೆ ಬಂತು. ತಿಂಗಳ ಕೊನೆಯ ಲೆಕ್ಕ ಹಾಕಿಯೇ ತಂತಿ ಕೊಳ್ಳುವವರಿಗೆ ಎರಡನೇ ವಾದ್ಯದ ಬದಲು ಒಂದು ಪೆಟ್ಟಿಗೆ ಸಿಗುವುದು ಸಣ್ಣ ಮಾತಲ್ಲ. ಕೋಣೆಯಲ್ಲಿ ಒಬ್ಬರೇ ಕೂತು ಹಾಡು ಕಟ್ಟುವವರಿಗೆ ಕೆಳಗಿನ ಅರ್ಧ ಲೋಕ ತೆರೆಯುತ್ತದೆ.

ಇಷ್ಟಾದ ಮೇಲೆ 2020ರಲ್ಲಿ ಬಾಸ್ ಕಂಪನಿ ತಂದ ಓಸಿ-5ರಲ್ಲಿ ಎರಡು ಬಗೆಗಳಿವೆ. ಒಂದು ಕಾರ್ಡುಗಳನ್ನು ನಿಭಾಯಿಸುವುದು. ಇನ್ನೊಂದು ಹಳೆಯ ಓಸಿ-2ರಂತೆ ಒಂದು ಹೊತ್ತಿಗೆ ಒಂದೇ ಸ್ವರವನ್ನು ಎಣಿಸುವುದು. ನೀಗಿಹೋದ ಕೊರತೆಯನ್ನು ಕಂಪನಿ ಮತ್ತೆ ಬೇಕೆಂದೇ ಒಳಗಿಟ್ಟು ಮಾರುತ್ತಿದೆ, ಜನ ಕೊಳ್ಳುತ್ತಿದ್ದಾರೆ.

ತಂತ್ರಜ್ಞಾನದ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಇಲ್ಲಿ ಇನ್ನೂ ಒಂದು ಕೆಲಸ ಬಾಕಿಯಿದೆ. ಜೇಮರ್ಸನ್ ಅವರನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮಿಗೆ ಸೇರಿಸಿಕೊಂಡದ್ದು 2000ದಲ್ಲಿ, ಅವರು ತೀರಿಕೊಂಡು ಹದಿನೇಳು ವರ್ಷಗಳಾದ ಮೇಲೆ. ತಡವಾದರೂ ಅವರು ಲೆಕ್ಕಕ್ಕೆ ಬಂದರು. ಬೇಸಿನ ಆ ಜಾಗಕ್ಕೆ ಈಗ ಬಂದು ಕೂತಿರುವ ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿದೆ, ಮಾದರಿಯ ಸಂಖ್ಯೆಯಿದೆ. ಅದರೊಳಗಿನ ಸರ್ಕ್ಯೂಟನ್ನು ಬರೆದವರು, ಬೆಸುಗೆ ಹಾಕಿದವರು ಯಾರೆಂದು ಅದರ ಮೇಲೆ ಬರೆದಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬ ಸಾಲಿನಲ್ಲಿ ಈಗ ನಿಂತಿರುವವರು ಅವರು.