ಬಿಪಿ ಮಾತ್ರೆಗೂ ಒಂದು ಇತಿಹಾಸ ಇದೆ

ಸ್ವೈಪ್ ಮಾಡ್ತಾ ಓದಿ ಗೆಳೆಯರೇ 👉

1️⃣ ಇವತ್ತು ಬೀದಿ ಮೂಲೆಯ ಮೆಡಿಕಲ್ ಶಾಪಲ್ಲಿ ಸಿಗೋ ಬಿಪಿ ಮಾತ್ರೆ, 1944ರಲ್ಲಿ ಅಮೆರಿಕದ ಅಧ್ಯಕ್ಷರಿಗೂ ಸಿಕ್ಕಿರಲಿಲ್ಲ! ಆ ವರ್ಷ ಮಾರ್ಚ್‌ನಲ್ಲಿ ಹೃದಯದ ಡಾಕ್ಟರ್ ಹೊವಾರ್ಡ್ ಬ್ರುಯೆನ್ ಪರೀಕ್ಷೆ ಮಾಡಿದಾಗ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಬಿಪಿ 186/108. ಉಪ್ಪು ಕಡಿಮೆ ಮಾಡಿ, ಸಿಗರೇಟು ಕಡಿಮೆ ಮಾಡಿ, ರೆಸ್ಟ್ ತಗೊಳ್ಳಿ ಅಂದರು. ಹೃದಯಕ್ಕೆ ಡಿಜಿಟಾಲಿಸ್ ಕೊಟ್ಟರು. ಬಿಪಿಯನ್ನೇ ಸರಿಯಾಗಿ ಇಳಿಸೋ ಮಾತ್ರೆ ಆಗ ಇರಲಿಲ್ಲ. 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು. ಅವತ್ತಿನ ಬಿಪಿ 300/190.

2️⃣ ಮುಂದಿನ ದಾರಿ ತೋರಿಸಿದವರಲ್ಲಿ ನಮ್ಮವರೂ ಇದ್ದಾರೆ. ಸರ್ಪಗಂಧದ ಬೇರು ಬಿಪಿ ಇಳಿಸುತ್ತೆ ಅಂತ 1931ರಲ್ಲೇ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದಿದ್ದರು. 1949ರಲ್ಲಿ ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಲೆಕ್ಕ ಇಟ್ಟು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಜಗತ್ತು ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಆ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿತು.

3️⃣ ಆದ್ರೆ ರೆಸರ್ಪಿನ್ ಡೋಸ್ ಜಾಸ್ತಿಯಾದ್ರೆ ಮೂಗು ಕಟ್ಟೋದು, ಮನಸ್ಸು ಕುಗ್ಗೋದು ಶುರುವಾಗ್ತಿತ್ತು. 1958ರಲ್ಲಿ ಕ್ಲೋರೋಥಯಾಜೈಡ್ ಬಂತು. ಇದರ ಕೆಲಸ ದೇಹದ ಉಪ್ಪು, ನೀರನ್ನು ಮೂತ್ರದಲ್ಲಿ ಹೊರಗೆ ಕಳಿಸೋದು. ಆಮೇಲೆ ಒಂದನ್ನೇ ಹೆಚ್ಚು ಕೊಡೋ ಬದಲು, ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡೋ ಔಷಧಿಗಳನ್ನು ಸೇರಿಸಿ ಕೊಡೋ ಪದ್ಧತಿ ಬೆಳೆಯಿತು. 1967ರಲ್ಲಿ ಅಮೆರಿಕದ ಎಡ್ವರ್ಡ್ ಫ್ರೈಸ್ ತಂಡ 143 ಮಾಜಿ ಸೈನಿಕರ ಅಧ್ಯಯನ ಪ್ರಕಟಿಸಿತು. ಅರ್ಧದಷ್ಟು ಜನಕ್ಕೆ ಮೂರು ಔಷಧಿ, ಅದರಲ್ಲಿ ರೆಸರ್ಪಿನ್ ಕೂಡ ಒಂದು. ಉಳಿದವರಿಗೆ ಬರೀ ಹುಸಿ ಮಾತ್ರೆ. ಔಷಧಿ ತಗೊಂಡವರಲ್ಲಿ ಸ್ಟ್ರೋಕ್‌ನಂಥ ಅಪಾಯಗಳು ತುಂಬಾ ಕಡಿಮೆ. ಬಿಪಿ ಇಳಿಸಿದ್ರೆ ಜೀವ ಉಳಿಯುತ್ತೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿತು.

4️⃣ ಈಗ ನಮ್ಮ ಮನೆ ವಿಷಯ. ಬಿಪಿಗೆ ಎರಡು-ಮೂರು ಔಷಧಿ ತಗೊಳ್ಳೋ ಅಜ್ಜಿ, ಮಂಡಿನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಾವೇ ತರಿಸಿ ನುಂಗ್ತಾರೆ. ಇವು ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಡುತ್ತವೆ. ಅಂದ್ರೆ ಒಂದು ಮಾತ್ರೆ ಹೊರಗೆ ಕಳಿಸಿದ್ದನ್ನ ಇನ್ನೊಂದು ಒಳಗೇ ಇಟ್ಕೊಳ್ಳುತ್ತೆ. ನಮ್ಮ ಕಾಮರ್ಸ್ ಭಾಷೇಲಿ ಹೇಳೋದಾದ್ರೆ, ಈ ಕಡೆ ಜಮಾ, ಆ ಕಡೆ ಖರ್ಚು! ಕೆಲವು ಬಿಪಿ ಔಷಧಿಗಳ ಜೊತೆ ಸೇರಿದ್ರೆ ಕಿಡ್ನಿಗೂ ಪೆಟ್ಟು.

ಹಾಗಂತ ಬಿಪಿ ಮಾತ್ರೆ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ. ಮನೇಲಿ ದೊಡ್ಡವರು ತಗೊಳ್ಳೋ ಎಲ್ಲಾ ಮಾತ್ರೆಗಳ ಹೆಸರು ಒಂದು ಚೀಟೀಲಿ ಬರೆದು, ಮುಂದಿನ ಸಲ ಡಾಕ್ಟರಿಗೆ ತೋರಿಸಿ. ನೋವಿನ ಮಾತ್ರೆ ಹೆಸರು ಬಿಡಬೇಡಿ.

ಸೇವ್ ಮಾಡ್ಕೊಳ್ಳಿ, ಮನೆ ಗ್ರೂಪಿಗೂ ಕಳಿಸಿ 🙏

#ಇತಿಹಾಸ #ಬಿಪಿ #ಸರ್ಪಗಂಧ #ಕನ್ನಡ