ವಿಮೆ ಇಲ್ಲದ ವಾಹನದ ಚಾಲಕನಿಗೂ ಪರಿಹಾರದ ಹಕ್ಕುಂಟು

ಸಿಗ್ನಲ್‌ನಲ್ಲಿ ನಿಂತಿದ್ದ ದ್ವಿಚಕ್ರ ವಾಹನಕ್ಕೆ ಹಿಂದಿನಿಂದ ಬಂದ ಲಾರಿ ಡಿಕ್ಕಿ ಹೊಡೆಯುತ್ತದೆ. ಸವಾರನ ಕಾಲು ಮುರಿಯುತ್ತದೆ. ತಪ್ಪು ಲಾರಿ ಚಾಲಕನದೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಸವಾರನ ವಾಹನದ ವಿಮೆ ಎರಡು ತಿಂಗಳ ಹಿಂದೆಯೇ ಮುಗಿದಿರುತ್ತದೆ. 'ನಿನ್ನ ಗಾಡಿಗೂ ಇನ್ಶೂರೆನ್ಸ್ ಇಲ್ಲ, ಕೇಸು ಮಾಡಿದರೆ ನೀನೇ ಸಿಕ್ಕಿಬೀಳುತ್ತೀಯ' ಎಂಬ ಬೆದರಿಕೆಗೆ ಅಂಜಿ, ಸ್ಥಳದಲ್ಲಿಯೇ ಒಂದಷ್ಟು ಹಣ ಪಡೆದು ಸುಮ್ಮನಾಗುವವರು ಅನೇಕರು. ಕಾನೂನಿನ ಅರಿವಿಲ್ಲದೆ ಮಾಡಿಕೊಳ್ಳುವ ಇಂತಹ ರಾಜಿಯಿಂದ ಗಾಯಾಳು ಲಕ್ಷಾಂತರ ರೂಪಾಯಿ ಪರಿಹಾರವನ್ನು ಕಳೆದುಕೊಳ್ಳುವ ಸಾಧ್ಯತೆ ಇದೆ.

ದಂಡ ಬೇರೆ, ಪರಿಹಾರ ಬೇರೆ

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಇದನ್ನು ಉಲ್ಲಂಘಿಸಿದರೆ 196ನೇ ಕಲಂ ಅನ್ವಯ ಮೊದಲ ಬಾರಿಗೆ 2,000 ರೂ. ದಂಡ ಅಥವಾ 3 ತಿಂಗಳವರೆಗೆ ಸಜೆ ಅಥವಾ ಎರಡನ್ನೂ ವಿಧಿಸಬಹುದು. ಅಪರಾಧ ಮರುಕಳಿಸಿದರೆ ದಂಡ 4,000 ರೂ. ಈ ಶಿಕ್ಷೆಯಿಂದ ತಪ್ಪಿಸಿಕೊಳ್ಳಲಾಗದು. ಆದರೆ ಅಪಘಾತಕ್ಕೆ ಕಾರಣವಾದ ಇನ್ನೊಬ್ಬನ ನಿರ್ಲಕ್ಷ್ಯಕ್ಕೆ ಪರಿಹಾರ ಕೇಳುವ ಹಕ್ಕನ್ನು ಈ ಕಲಂ ಕಿತ್ತುಕೊಳ್ಳುವುದಿಲ್ಲ. ಎದುರು ವಾಹನದ ವಿಮಾ ಕಂಪನಿಗೆ ಗಾಯಾಳುವೇ ಮೂರನೇ ವ್ಯಕ್ತಿ. ಆತನ ಸ್ವಂತ ವಾಹನಕ್ಕೆ ವಿಮೆ ಇತ್ತೇ ಇಲ್ಲವೇ ಎಂಬುದು ಆ ಕಂಪನಿಯ ಹೊಣೆಯನ್ನು ಕಡಿಮೆ ಮಾಡುವುದಿಲ್ಲ.

ಚಾಲನಾ ಪರವಾನಗಿ ಇಲ್ಲದಿದ್ದುದೊಂದೇ ಗಾಯಾಳುವಿನ ನಿರ್ಲಕ್ಷ್ಯಕ್ಕೆ ಪುರಾವೆಯಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ ಹೇಳಿದೆ. ಅಪಘಾತಕ್ಕೆ ಯಾರ ಚಾಲನೆ ಕಾರಣ ಎಂಬುದೇ ಮುಖ್ಯ ಪ್ರಶ್ನೆ.

ಮೊದಲ 24 ಗಂಟೆ

ಸಾಧ್ಯವಾದಷ್ಟು ಬೇಗ, ಗರಿಷ್ಠ 24 ಗಂಟೆಯೊಳಗೆ ಪೊಲೀಸರಿಗೆ ಮಾಹಿತಿ ನೀಡುವುದು 134ನೇ ಕಲಂ ಪ್ರಕಾರ ಚಾಲಕನ ಕರ್ತವ್ಯ. ವಿಮೆ ಇಲ್ಲವೆಂಬ ಭಯದಿಂದ ಸ್ಥಳ ಬಿಟ್ಟು ಹೋದರೆ ಅದೇ ಮತ್ತೊಂದು ಅಪರಾಧವಾಗುತ್ತದೆ. ಎದುರು ವಾಹನದ ನೋಂದಣಿ ಸಂಖ್ಯೆ, ಎರಡೂ ವಾಹನಗಳು ನಿಂತ ಸ್ಥಿತಿಯ ಛಾಯಾಚಿತ್ರ, ಪ್ರತ್ಯಕ್ಷದರ್ಶಿಗಳ ವಿವರ ಸಂಗ್ರಹಿಸಬೇಕು. ಎಫ್‌ಐಆರ್, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಮೋಟಾರು ವಾಹನ ನಿರೀಕ್ಷಕರ ವರದಿ ಮುಂದೆ ಮುಖ್ಯ ದಾಖಲೆಗಳಾಗುತ್ತವೆ.

ಚಿಕಿತ್ಸೆಗೆ ಕೈಯಲ್ಲಿ ಹಣವಿಲ್ಲದವರು ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯ ನೆರವು ಪಡೆಯಬಹುದು. ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ, ಒಬ್ಬ ಗಾಯಾಳುವಿಗೆ ಗರಿಷ್ಠ 1.5 ಲಕ್ಷ ರೂ. ವೆಚ್ಚಕ್ಕೆ ಇದು ಅನ್ವಯಿಸುತ್ತದೆ.

ಅರ್ಜಿ ಎಲ್ಲಿ, ಹೇಗೆ?

ಪರಿಹಾರದ ಅರ್ಜಿಯನ್ನು 166ನೇ ಕಲಂ ಅನ್ವಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸಲ್ಲಿಸಬೇಕು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರು ಈ ಅರ್ಜಿಗಳ ವಿಚಾರಣೆ ನಡೆಸುತ್ತಾರೆ. ಅಪಘಾತ ನಡೆದ ಸ್ಥಳ, ಅರ್ಜಿದಾರ ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಪ್ರತಿವಾದಿ ವಾಸಿಸುವ ಸ್ಥಳ, ಇವುಗಳಲ್ಲಿ ಯಾವುದಾದರೂ ಒಂದರ ವ್ಯಾಪ್ತಿಯ ನ್ಯಾಯಮಂಡಳಿಯನ್ನು ಆರಿಸಿಕೊಳ್ಳಬಹುದು. ಲಾರಿಯ ಚಾಲಕ, ಮಾಲೀಕ ಹಾಗೂ ವಿಮಾ ಕಂಪನಿ, ಮೂವರನ್ನೂ ಪ್ರತಿವಾದಿಗಳನ್ನಾಗಿ ಮಾಡುವುದು ವಾಡಿಕೆ.

2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಕಾಲಮಿತಿಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್ ಮುಂದೆ ಬಂದಿದ್ದು, ವಿಳಂಬದ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಹೊರಬಿದ್ದಿದೆ. ಆದರೂ ಅದನ್ನೇ ನಂಬಿ ಕಾಯುವುದು ಜಾಣತನವಲ್ಲ.

ಎಷ್ಟು ಪರಿಹಾರ?

ವೈದ್ಯಕೀಯ ವೆಚ್ಚ, ಚಿಕಿತ್ಸೆಯ ಅವಧಿಯ ಆದಾಯ ನಷ್ಟ, ನೋವು ಮತ್ತು ಯಾತನೆ, ಶಾಶ್ವತ ಅಂಗವೈಕಲ್ಯದಿಂದ ಆಗುವ ಭವಿಷ್ಯದ ನಷ್ಟ ಇವೆಲ್ಲವನ್ನೂ ಪರಿಗಣಿಸಲಾಗುತ್ತದೆ. ಉದಾಹರಣೆಗೆ, ತಿಂಗಳಿಗೆ 20,000 ರೂ. ದುಡಿಯುವ 35 ವರ್ಷದ ವ್ಯಕ್ತಿಯ ದುಡಿಮೆಯ ಸಾಮರ್ಥ್ಯ ಶೇ 20ರಷ್ಟು ಕುಂದಿದೆ ಎಂದುಕೊಳ್ಳೋಣ. ವಾರ್ಷಿಕ ಆದಾಯ 2.40 ಲಕ್ಷ ರೂ. 2009ರ ಸರಳಾ ವರ್ಮಾ ತೀರ್ಪಿನಲ್ಲಿ ಈ ವಯಸ್ಸಿಗೆ ನಿಗದಿಯಾದ ಗುಣಕ 16. ಆದಾಯವನ್ನು ಗುಣಕದಿಂದ ಗುಣಿಸಿ, ಬಂದ ಮೊತ್ತದ ಶೇ 20 ತೆಗೆದರೆ ಭವಿಷ್ಯದ ಆದಾಯ ನಷ್ಟವೊಂದೇ 7.68 ಲಕ್ಷ ರೂ. ಆಗುತ್ತದೆ. ಗಾಯಾಳುವಿನದೂ ಶೇ 25ರಷ್ಟು ನಿರ್ಲಕ್ಷ್ಯವಿತ್ತೆಂದು ನ್ಯಾಯಮಂಡಳಿ ತೀರ್ಮಾನಿಸಿದರೆ ಈ ಬಾಬ್ತಿನಲ್ಲಿ ಕೈಗೆ ಬರುವುದು 5.76 ಲಕ್ಷ ರೂ. ಮಾತ್ರ. ರಸ್ತೆ ಬದಿಯ ರಾಜಿಯಲ್ಲಿ ಸಿಗುವ ಹಣಕ್ಕೂ ಇದಕ್ಕೂ ಇರುವ ಅಂತರವನ್ನು ಓದುಗರೇ ಊಹಿಸಬಹುದು.

ನಿರ್ಲಕ್ಷ್ಯವನ್ನು ಸಾಬೀತುಪಡಿಸುವ ಗೋಜು ಬೇಡವೆನ್ನುವವರಿಗೆ 164ನೇ ಕಲಂ ಇದೆ. ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂ. ನಿಗದಿತ ಪರಿಹಾರ ದೊರೆಯುತ್ತದೆ. ಆದರೆ ಇದನ್ನು ಸ್ವೀಕರಿಸಿದವರ 166ನೇ ಕಲಂ ಅರ್ಜಿ ಊರ್ಜಿತವಾಗಿ ಉಳಿಯದು. ಆದ್ದರಿಂದ ಸಹಿ ಹಾಕುವ ಮೊದಲು ವಕೀಲರ ಸಲಹೆ ಪಡೆಯಬೇಕು.

ಕೇವಲ ವಾಹನ ಜಖಂಗೊಂಡಿದ್ದರೂ ಇದೇ ನ್ಯಾಯಮಂಡಳಿಯಲ್ಲಿ ದುರಸ್ತಿ ವೆಚ್ಚ ಕೇಳಬಹುದು. ದುರಸ್ತಿಗೆ ಮುನ್ನ ಪರವಾನಗಿ ಹೊಂದಿದ ಸರ್ವೇಯರ್‌ನಿಂದ ನಷ್ಟದ ಅಂದಾಜು ಮಾಡಿಸಿ, ಬಿಲ್ಲುಗಳನ್ನು ಜೋಪಾನವಾಗಿಡಬೇಕು.

ಎದುರು ವಾಹನಕ್ಕೂ ವಿಮೆ ಇಲ್ಲದಿದ್ದರೆ?

ಆಗ ಚಾಲಕ ಹಾಗೂ ಮಾಲೀಕರೇ ಹಣ ತೆರಬೇಕು. ಅಂತಹ ವಾಹನವನ್ನು ಭದ್ರತೆಯಿಲ್ಲದೆ ಬಿಡುಗಡೆ ಮಾಡದಂತೆ ನಿಯಮ ರೂಪಿಸಲು ಸುಪ್ರೀಂ ಕೋರ್ಟ್ 2018ರಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೆ 161ನೇ ಕಲಂ ಅನ್ವಯ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ಪರಿಹಾರವುಂಟು. ವಾಹನದ ಜಖಂಗೆ ಇದರಲ್ಲಿ ಹಣ ಸಿಗದು.

ಎಚ್ಚರವಿರಲಿ

ವಿಮೆ ಇಲ್ಲದ ಚಾಲಕನ ನಿಜವಾದ ಅಪಾಯ ಬೇರೆಡೆ ಇದೆ. ತಪ್ಪಿನಲ್ಲಿ ಆತನದೂ ಪಾಲಿದೆ ಎಂದು ತೀರ್ಮಾನವಾದರೆ ಹಿಂಬದಿ ಸವಾರನಿಗೋ ಎದುರು ಪಕ್ಷದವರಿಗೋ ಕೊಡಬೇಕಾದ ಪರಿಹಾರ ಆತನ ಸ್ವಂತ ಜೇಬಿನಿಂದಲೇ ಹೋಗಬೇಕಾದೀತು. ಮಾಲೀಕ-ಚಾಲಕನಿಗೆ ಪಾಲಿಸಿಯೊಡನೆ ದೊರೆಯುವ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆಯೂ ಕೈತಪ್ಪುತ್ತದೆ. ಅಪಘಾತದ ನಂತರ ಖರೀದಿಸಿದ ಪಾಲಿಸಿ ಹಿಂದಿನ ಘಟನೆಗೆ ಅನ್ವಯಿಸುವುದಿಲ್ಲ. ವಿಮೆ ಇರುವ ಬೇರೆ ವಾಹನವನ್ನು ದಾಖಲೆಯಲ್ಲಿ ತೋರಿಸುವ ಸಲಹೆಗೆ ಕಿವಿಗೊಟ್ಟರೆ ಪರಿಹಾರ ಹೋಗಿ ಕ್ರಿಮಿನಲ್ ಮೊಕದ್ದಮೆ ಬರುತ್ತದೆ.

ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಹಾಗೂ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಲಭ್ಯ. ಬೇಗ ಇತ್ಯರ್ಥ ಬಯಸುವವರಿಗೆ ಲೋಕ ಅದಾಲತ್‌ನ ದಾರಿಯೂ ತೆರೆದಿದೆ. ರಾಜಿಯೇ ಆಗುವುದಿದ್ದರೆ ಅದು ರಸ್ತೆ ಬದಿಯಲ್ಲಲ್ಲ, ಅಲ್ಲಿ ಆಗಲಿ.